ಅಪಾ ಇನಿ? - ಜಾವಾದ ಗದ್ದೆ ಶಾಲೆಯ ಕಥೆ

ಇಂಡೋನೇಷ್ಯಾ ಭಾಷೆಯಲ್ಲಿ 'ಓಬತ್' ಅಂದ್ರೆ ಔಷಧಿ. ಜ್ವರ ಬಂದ್ರೆ ನುಂಗೋ ಮಾತ್ರೆಯೂ ಓಬತ್, ಭತ್ತಕ್ಕೆ ಹುಳ ಬಿದ್ರೆ ಹೊಡೆಯೋ ಕೀಟನಾಶಕವೂ ಓಬತ್. ಇದನ್ನ ಓದಿದಾಗ ನನಗೆ ನಗು ಬಂತು. ನಮ್ಮಲ್ಲೂ ಅದೇ ಕಥೆ ತಾನೆ? "ಗದ್ದೆಗೆ ಔಷಧಿ ಹೊಡೆಸಿದ್ರಾ?" ಅಂತ ಕೇಳ್ತೀವೇ ಹೊರತು "ವಿಷ ಹೊಡೆಸಿದ್ರಾ?" ಅಂತ ಯಾರಾದ್ರೂ ಕೇಳಿದ್ದು ಉಂಟಾ?

1989ರಲ್ಲಿ ಜಾವಾ ದ್ವೀಪದಲ್ಲಿ ಒಂದು ವಿಚಿತ್ರ ಶಾಲೆ ಶುರುವಾಯ್ತು. ಕಟ್ಟಡ ಇಲ್ಲ, ಬೆಂಚು ಇಲ್ಲ, ಪಠ್ಯಪುಸ್ತಕ ಇಲ್ಲ. ವಿದ್ಯಾರ್ಥಿಗಳೆಲ್ಲ ಅರ್ಧ ಹೆಕ್ಟೇರ್ ಅಂದ್ರೆ ಒಂದೂಕಾಲು ಎಕರೆಯೂ ಇಲ್ಲದ ರೈತರು. ಆ ಶಾಲೆಯಲ್ಲಿ ಮೇಷ್ಟ್ರು ಹೇಳ್ತಿದ್ದ ಮಾತುಗಳಲ್ಲಿ ಒಂದು ಇದು: ಇನ್ನು ಮೇಲೆ ಓಬತ್ ಅನ್ನಬೇಡಿ, 'ರಾಚುನ್' ಅನ್ನಿ. ರಾಚುನ್ ಅಂದ್ರೆ ವಿಷ.

ಒಂದು ಪದ ಬದಲಾಯಿಸೋಕೆ ಒಂದು ಶಾಲೆಯೇ ಬೇಕಾಯ್ತಾ ಅಂತ ಕೇಳಬಹುದು. ಆ ಶಾಲೆ ಯಾಕೆ ಹುಟ್ಟಿತು, ಏನು ಮಾಡಿತು, ಆಮೇಲೆ ಅದಕ್ಕೆ ಏನಾಯ್ತು ಅನ್ನೋದು ಕಳೆದ ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸ್ವಲ್ಪ ಉದ್ದದ ಕಥೆ. ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ :)

ಪ್ಯಾಕೇಜಿನ ಕಾಲ

ಕಥೆ ಶುರುವಾಗೋದು 1963ರಲ್ಲಿ. ಬೋಗೋರ್ ಅನ್ನೋ ಊರಿನ ಕೃಷಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಪಶ್ಚಿಮ ಜಾವಾದ ಕರವಾಂಗ್ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೈತರ ಜೊತೆಯಲ್ಲೇ ಇದ್ದರು. ಹೊಸ ಬೀಜ, ಗೊಬ್ಬರ, ನೀರು ಕಟ್ಟೋ ಪದ್ಧತಿ ಎಲ್ಲವನ್ನೂ ಗದ್ದೆಯಲ್ಲಿ ನಿಂತು ಮಾಡಿ ತೋರಿಸಿದರು. ಇಳುವರಿ ಚೆನ್ನಾಗಿ ಏರಿತು. ಸರ್ಕಾರಕ್ಕೆ ಖುಷಿಯಾಗಿ ಅದನ್ನ ದೇಶಕ್ಕೆಲ್ಲ ಹಬ್ಬಿಸೋ ಯೋಜನೆ ಮಾಡಿತು. ಅದರ ಹೆಸರು 'ಬಿಮಾಸ್', ಸಾಮೂಹಿಕ ಮಾರ್ಗದರ್ಶನ ಅಂತ ಅರ್ಥ.

ಹಬ್ಬಿಸುವಾಗ ಏನಾಯ್ತು ನೋಡಿ. ರೈತನ ಜೊತೆ ಇರೋ ವಿದ್ಯಾರ್ಥಿ ಮಾಯವಾದ. ಉಳಿದದ್ದು ಪ್ಯಾಕೇಜ್: ಬೀಜ, ಗೊಬ್ಬರ, ಕೀಟನಾಶಕ, ಸಾಲ. ಎಲ್ಲ ಒಟ್ಟಿಗೆ ತಗೋಬೇಕು. 1968ರಿಂದ 1970ರವರೆಗೆ ಅಂತೂ ಸ್ವಿಟ್ಜರ್ಲೆಂಡಿನ ಸಿಬಾದಂಥ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟು ವಿಮಾನದಿಂದ ಗದ್ದೆಗಳ ಮೇಲೆ ಕೀಟನಾಶಕ ಸಿಂಪಡಿಸಿದರು. ಹುಳ ಇದೆಯೋ ಇಲ್ಲವೋ ಅಂತ ನೋಡೋ ಪ್ರಶ್ನೆಯೇ ಇಲ್ಲ. ಮೇಲಿಂದ ಮಳೆ ಸುರಿದ ಹಾಗೆ ಸುರಿಯೋದು.

ಆಮೇಲೆ ವಿಮಾನ ನಿಂತಿತು, ಆದರೆ ಸಬ್ಸಿಡಿ ಬೆಳೆಯಿತು. 1980ರ ದಶಕದ ಮಧ್ಯದ ಹೊತ್ತಿಗೆ ಕೀಟನಾಶಕದ ಬೆಲೆಯಲ್ಲಿ ಶೇಕಡ 80ರಷ್ಟನ್ನ ಸರ್ಕಾರವೇ ಕೊಡ್ತಿತ್ತು. ಅದಕ್ಕೆ ವರ್ಷಕ್ಕೆ ಹತ್ತು ಕೋಟಿ ಡಾಲರಿಗೂ ಹೆಚ್ಚು ಖರ್ಚು. ಅಷ್ಟು ಅಗ್ಗವಾಗಿ ಸಿಕ್ಕರೆ ಯಾರು ತಾನೆ ಹೊಡೆಯಲ್ಲ? ಕ್ಯಾಲೆಂಡರ್ ನೋಡ್ಕೊಂಡು ಹೊಡೆಯೋದು ರೂಢಿಯಾಯ್ತು.

ಈ ಮಧ್ಯೆ ಒಂದು ಹುಳ ಕಾದು ಕೂತಿತ್ತು.

ನಿಜವಾದ ಬಗ್

ನಮ್ಮ ಸಾಫ್ಟ್‌ವೇರ್ ಫೀಲ್ಡಿನಲ್ಲಿ ಒಂದು ಬಗ್ ಸರಿ ಮಾಡೋಕೆ ಹೋಗಿ ಹತ್ತು ಬಗ್ ಹುಟ್ಟಿಸೋದು ದಿನನಿತ್ಯದ ಮಾತು. ಜಾವಾದಲ್ಲಿ ಆದದ್ದು ಅದೇ, ಆದರೆ ಬಗ್ ಮಾತ್ರ ನಿಜವಾದದ್ದು.

ಅದರ ಹೆಸರು ಕಂದು ಜಿಗಿಹುಳು. ಜಾವಾದವರು ಅದಕ್ಕೆ 'ವೆರೆಂಗ್' ಅಂತಾರೆ. ಮೂರು ನಾಲ್ಕು ಮಿಲಿಮೀಟರ್ ಉದ್ದ, ಅಷ್ಟೇ. ಭತ್ತದ ಬುಡದಲ್ಲಿ, ನೀರಿಗೆ ಸ್ವಲ್ಪ ಮೇಲೆ ಗುಂಪಾಗಿ ಕೂತು ರಸ ಹೀರುತ್ತೆ. ಹೆಚ್ಚಾದ್ರೆ ಗದ್ದೆ ವೃತ್ತಾಕಾರವಾಗಿ ಒಣಗ್ತಾ ಹೋಗುತ್ತೆ, ಬೆಂಕಿಯಲ್ಲಿ ಸುಟ್ಟ ಹಾಗೆ. ಮಂಡ್ಯ, ಗಂಗಾವತಿ ಕಡೆಯ ಓದುಗರಿಗೆ ಇದರ ಪರಿಚಯ ನಾನು ಮಾಡಿಕೊಡಬೇಕಾಗಿಲ್ಲ.

ಹಳೇ ಕಾಲದಲ್ಲಿ ಇದು ದೊಡ್ಡ ಶತ್ರುವೇ ಆಗಿರಲಿಲ್ಲ. 1976-77ರಲ್ಲಿ ಇಂಡೋನೇಷ್ಯಾದಲ್ಲಿ ಇದೊಂದೇ ಹುಳದಿಂದ 10 ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ಹೋಯ್ತು. ಸುಮಾರು 25 ಲಕ್ಷ ಜನರ ಒಂದು ವರ್ಷದ ಊಟ ಅದು. ಮುಂದಿನ ವರ್ಷಗಳಲ್ಲಿ ಆ ದೇಶ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಅಕ್ಕಿ ಆಮದು ಮಾಡಿಕೊಳ್ಳಬೇಕಾಯ್ತು. ಪ್ರಪಂಚದಲ್ಲಿ ಅಷ್ಟು ಅಕ್ಕಿ ಕೊಳ್ಳೋ ದೇಶ ಆಗ ಇನ್ನೊಂದಿರಲಿಲ್ಲ.

ಇಷ್ಟೆಲ್ಲ ಔಷಧಿ ಹೊಡೆದರೂ ಹುಳ ಯಾಕೆ ಹೆಚ್ಚಾಯ್ತು? ಉತ್ತರ ಸಿಕ್ಕಿದ್ದು ಪಕ್ಕದ ಫಿಲಿಪ್ಪೀನ್ಸಿನಲ್ಲಿ. ಪೀಟರ್ ಕೆನ್ಮೋರ್ ಅನ್ನೋ ಅಮೆರಿಕದ ಯುವಕ ತನ್ನ ಪಿಎಚ್‌ಡಿಗಾಗಿ 1970ರ ದಶಕದ ಕೊನೆಯಲ್ಲಿ ಅಲ್ಲಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೂತು ಗದ್ದೆಯಲ್ಲಿ ಹುಳ ಎಣಿಸಿದ. ಔಷಧಿ ಹೊಡೆದ ಗದ್ದೆಯಲ್ಲಿ ಜಿಗಿಹುಳು ಹಲವು ಪಟ್ಟು ಹೆಚ್ಚು. ಹೊಡೆಯದೇ ಬಿಟ್ಟ ಗದ್ದೆಯಲ್ಲಿ ಕಡಿಮೆ!

ಕಾರಣ ಸರಳ. ಜಿಗಿಹುಳು ಮೊಟ್ಟೆ ಇಡೋದು ಗರಿಯ ತೊಟ್ಟಿನ ಒಳಗೆ. ಹೊರಗಿಂದ ಹೊಡೆದ ಔಷಧಿ ಅದನ್ನ ಅಷ್ಟಾಗಿ ಮುಟ್ಟಲ್ಲ. ಆದರೆ ಅದನ್ನ ತಿನ್ನೋ ಜೇಡ, ಅದರ ಮೊಟ್ಟೆಯ ರಸ ಹೀರೋ ಮಿರಿಡ್ ತಿಗಣೆ, ನೀರಿನ ಮೇಲೆ ಓಡಾಡೋ ಸಣ್ಣ ಬೇಟೆಗಾರ ಹುಳಗಳು, ಇವೆಲ್ಲ ಬಯಲಲ್ಲೇ ಇರ್ತವೆ. ಮೊದಲ ಏಟಿಗೆ ಅವೇ ಸಾಯ್ತವೆ. ಒಂದು ವಾರ ಕಳೆದು ಮೊಟ್ಟೆ ಒಡೆದು ಮರಿಗಳು ಹೊರಬಂದಾಗ ತಿನ್ನೋರು ಯಾರೂ ಇಲ್ಲ. ರೈತ ಗಾಬರಿಯಾಗಿ ಇನ್ನೊಂದು ಸಲ ಹೊಡೀತಾನೆ. ಅಲ್ಲಿಗೆ ಚಕ್ರ ಪೂರ್ತಿ.

ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದರು, ಜಿಗಿಹುಳು ತಡೆಯೋ ತಳಿಗಳು. ಐಆರ್ 26 ಬಂತು, ಕೆಲವೇ ವರ್ಷದಲ್ಲಿ ಹುಳ ಅದನ್ನ ತಿನ್ನೋದು ಕಲಿಯಿತು. ಆಮೇಲೆ ಐಆರ್ 36. ಅದು ಕೈಹಿಡಿಯಿತು. 1984ರಲ್ಲಿ ಇಂಡೋನೇಷ್ಯಾ ಅಕ್ಕಿಯಲ್ಲಿ ಸ್ವಾವಲಂಬಿ ಅಂತ ಘೋಷಿಸಿಕೊಂಡಿತು. 1985ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ ರೋಮ್‌ಗೆ ಹೋಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದ್ರೆ ಎಫ್‌ಎಓ ಸಭೆಯಲ್ಲಿ ಭಾಷಣ ಮಾಡಿದ. ಆಫ್ರಿಕದ ಹಸಿದವರಿಗೆ ನಮ್ಮ ರೈತರ ಕಡೆಯಿಂದ 1 ಲಕ್ಷ ಟನ್ ಭತ್ತ ಅಂತ ಹೇಳಿದ.

ಅದರ ಮುಂದಿನ ವರ್ಷವೇ ಜಿಗಿಹುಳು ವಾಪಸ್ ಬಂತು! ಮಧ್ಯ ಜಾವಾದ ಗದ್ದೆಗಳು ಮತ್ತೆ ಸುಟ್ಟ ಬಣ್ಣಕ್ಕೆ ತಿರುಗಿದವು.

ಈ ಸಲ ಇಂಡೋನೇಷ್ಯಾದ ಕೀಟಶಾಸ್ತ್ರಜ್ಞರ ಮಾತಿಗೆ ಬೆಲೆ ಬಂತು. ಇಡಾ ನ್ಯೋಮನ್ ಓಕಾ ಅವರಂಥವರು, ಜೊತೆಗೆ ಎಫ್‌ಎಓದ ಕೆನ್ಮೋರ್, ಹುಳ ಬಂದಿರೋದು ಔಷಧಿ ಸಾಲದೆ ಅಲ್ಲ, ಔಷಧಿ ಹೆಚ್ಚಾಗಿ ಅಂತ ಸರ್ಕಾರಕ್ಕೆ ಮನವರಿಕೆ ಮಾಡಿದರು. 1986ರ ನವೆಂಬರ್ 5ರಂದು ಸುಹಾರ್ತೊ ಒಂದು ಆದೇಶಕ್ಕೆ ಸಹಿ ಹಾಕಿದ. ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನ ಬಳಸೋ ಹಾಗಿಲ್ಲ. 1989ರ ಜನವರಿ ಹೊತ್ತಿಗೆ ಸಬ್ಸಿಡಿಯನ್ನೂ ಪೂರ್ತಿ ತೆಗೆದುಹಾಕಿದರು. ಸರ್ವಾಧಿಕಾರಿಯೊಬ್ಬ ಸಹಿ ಹಾಕಿದ ಆದೇಶಗಳಲ್ಲಿ ಒಳ್ಳೆಯದೂ ಒಂದಿತ್ತು ಅಂತ ಇಟ್ಟುಕೊಳ್ಳಿ.

ಉಪನ್ಯಾಸ ಕೆಲಸಕ್ಕೆ ಬರಲಿಲ್ಲ

ಆದೇಶ ಏನೋ ಆಯ್ತು. ಆದರೆ ಜಾವಾದ ಗದ್ದೆಯಲ್ಲಿ ನಿಂತ ರೈತನಿಗೆ? ಇಪ್ಪತ್ತು ವರ್ಷದಿಂದ 'ಹೊಡಿ ಹೊಡಿ' ಅಂತ ಹೇಳಿದ ಅದೇ ಸರ್ಕಾರ ಈಗ ಬಂದು 'ಹೊಡೀಬೇಡ' ಅಂತಿದೆ. ಯಾರನ್ನ ನಂಬೋದು?

ಆಗ ರೈತರಿಗೆ ವಿಷಯ ಮುಟ್ಟಿಸೋಕೆ ಇದ್ದದ್ದು 'ತರಬೇತಿ ಮತ್ತು ಭೇಟಿ' ಅನ್ನೋ ಪದ್ಧತಿ. ಡೇನಿಯಲ್ ಬೆನೋರ್ ಅನ್ನೋರು ರೂಪಿಸಿದ್ದು, ವಿಶ್ವಬ್ಯಾಂಕ್ ಹಣ ಕೊಟ್ಟಿದ್ದು. 1970ರ ದಶಕದ ಕೊನೆಯಲ್ಲಿ ಭಾರತದ ಹಲವು ರಾಜ್ಯಗಳಿಗೂ ಬಂದಿತ್ತು. ಮೇಲಿನ ವಿಜ್ಞಾನಿ ಅಧಿಕಾರಿಗೆ ಹೇಳ್ತಾನೆ, ಅಧಿಕಾರಿ ಗ್ರಾಮ ಸಹಾಯಕನಿಗೆ ಹೇಳ್ತಾನೆ, ಅವನು ಹದಿನೈದು ದಿನಕ್ಕೊಮ್ಮೆ ಬಂದು ಕೆಲವು ಆಯ್ದ ರೈತರಿಗೆ ಹೇಳ್ತಾನೆ, ಅವರು ಪಕ್ಕದವರಿಗೆ ಹೇಳ್ತಾರೆ. ಚಿಕ್ಕವರಿದ್ದಾಗ ಸಾಲಾಗಿ ಕೂತು ಕಿವಿಯಿಂದ ಕಿವಿಗೆ ಗುಟ್ಟು ಹೇಳೋ ಆಟ ಆಡ್ತಿದ್ವಲ್ಲ, ಹಾಗೆ. ಕೊನೆಯವನ ಬಾಯಲ್ಲಿ ಏನು ಬರ್ತಿತ್ತು ಅಂತ ನಿಮಗೂ ಗೊತ್ತು!

'ಇಷ್ಟು ಗೊಬ್ಬರ ಹಾಕು' ಅನ್ನೋ ಮಾತನ್ನ ಹಾಗೆ ಸಾಗಿಸಬಹುದು. ಆದರೆ ಇಲ್ಲಿ ಬೇಕಾಗಿದ್ದು ಬೇರೆ. ಇವತ್ತು, ಈ ಗದ್ದೆಯಲ್ಲಿ, ಎಷ್ಟು ಜಿಗಿಹುಳು ಇವೆ, ಎಷ್ಟು ಜೇಡ ಇವೆ, ನೀರು ಎಷ್ಟಿದೆ, ಪೈರಿಗೆ ಎಷ್ಟು ದಿನ ಆಗಿದೆ, ಇಷ್ಟನ್ನೂ ನೋಡಿ ರೈತ ತಾನೇ ತೀರ್ಮಾನ ತಗೋಬೇಕು. ಪಕ್ಕದ ಗದ್ದೆಯ ತೀರ್ಮಾನ ಇಲ್ಲಿಗೆ ಹೊಂದಲ್ಲ. ಬೋಗೋರಿನಲ್ಲಿ ಕೂತ ವಿಜ್ಞಾನಿಗೆ ಇದು ಕಾಣೋದೇ ಇಲ್ಲ. ನೋಡೋ ಕಣ್ಣನ್ನ ಪ್ಯಾಕೇಟಿನಲ್ಲಿ ಹಾಕಿ ಕಳಿಸೋಕೆ ಆಗುತ್ತಾ?

ಹಾಗಾಗಿ ಹುಟ್ಟಿದ್ದು 'ಸೆಕೊಲಾ ಲಾಪಾಂಗನ್'. ಕನ್ನಡದಲ್ಲಿ ಹೊಲದ ಶಾಲೆ ಅಥವಾ ಕ್ಷೇತ್ರ ಪಾಠಶಾಲೆ ಅನ್ನಬಹುದು. 1989ರಲ್ಲಿ ಯೋಗ್ಯಕರ್ತ ಸುತ್ತಮುತ್ತ ಶುರುವಾಯ್ತು. ಹಣ ಅಮೆರಿಕ ಸರ್ಕಾರದ ನೆರವು ಸಂಸ್ಥೆಯದ್ದು, ಉಸ್ತುವಾರಿ ಇಂಡೋನೇಷ್ಯಾದ ಯೋಜನಾ ಇಲಾಖೆಯದ್ದು, ತಾಂತ್ರಿಕ ನೆರವು ಎಫ್‌ಎಓದ್ದು. ಇದರ ಹಿಂದೆ ಕೀಟಶಾಸ್ತ್ರದವರ ಜೊತೆ ವಯಸ್ಕರ ಶಿಕ್ಷಣದಲ್ಲಿ ಪಳಗಿದ ರಸ್ ಡಿಲ್ಟ್ಸ್ ಅವರಂಥವರೂ ಇದ್ದರು. ಕಲಿಯೋನ ತಲೆ ಖಾಲಿ ಕೊಡ ಅಲ್ಲ ಅಂತ ನಂಬಿದವರು ಅವರು.

ಮೊದಲು ಮೇಷ್ಟ್ರುಗಳನ್ನ ತಯಾರು ಮಾಡಬೇಕಲ್ಲ. ಕೃಷಿ ಇಲಾಖೆಯ ಕೀಟ ವೀಕ್ಷಕರನ್ನ ಕರೆಸಿದರು. ನನಗೆ ತುಂಬಾ ಇಷ್ಟವಾದ ವಿಷಯ ಇದು: ಅವರ ಕೈಲಿ ನಾಟಿಯಿಂದ ಕೊಯ್ಲಿನವರೆಗೆ ಭತ್ತ ಬೆಳೆಸಿದರು. ಕೆಸರಿಗೆ ಇಳಿಯದವನು ಕೆಸರಲ್ಲಿ ನಿಂತವನಿಗೆ ಏನು ಹೇಳಿಯಾನು?

ಗದ್ದೆಯಲ್ಲಿ ಒಂದು ಬೆಳಗ್ಗೆ

ಈಗ ಆ ಶಾಲೆ ಹೇಗೆ ನಡೀತಿತ್ತು ಅಂತ ನೋಡೋಣ. ಒಂದು ಹಳ್ಳಿಯ ಸುಮಾರು 25 ರೈತರು. ವಾರಕ್ಕೊಂದು ಬೆಳಗ್ಗೆ, ನಾಟಿಯಿಂದ ಕೊಯ್ಲಿನ ಹೊತ್ತಿಗೆ ಹತ್ತು ಹನ್ನೆರಡು ವಾರ. ಪಕ್ಕಪಕ್ಕದಲ್ಲಿ ಎರಡು ಸಣ್ಣ ಗದ್ದೆ. ಒಂದರಲ್ಲಿ ಊರವರು ಎಂದಿನಂತೆ ಮಾಡೋ ಬೇಸಾಯ. ಇನ್ನೊಂದರಲ್ಲಿ ಪ್ರತಿ ವಾರ ನೋಡಿ, ಚರ್ಚೆ ಮಾಡಿ, ತೀರ್ಮಾನಿಸಿ ಮಾಡೋ ಬೇಸಾಯ.

ಐದೈದು ಜನರ ಗುಂಪು ಮಾಡಿಕೊಂಡು ಗದ್ದೆಗೆ ಇಳೀತಾರೆ. ಒಂದೊಂದು ಗುಂಪೂ ಹತ್ತು ಬುಡಗಳನ್ನ ಆರಿಸಿಕೊಂಡು ತೆಂಡೆ ಎಷ್ಟು, ಗರಿ ಎಷ್ಟು, ಯಾವ ಹುಳ ಎಷ್ಟು, ಯಾವ ಜೇಡ ಎಷ್ಟು ಅಂತ ಎಣಿಸ್ತಾರೆ. ಆಮೇಲೆ ಮರದ ನೆರಳಲ್ಲಿ ಕೂತು ದೊಡ್ಡ ಹಾಳೆಯ ಮೇಲೆ ಬಣ್ಣದ ಕ್ರೆಯಾನ್ ಹಿಡಿದು ಚಿತ್ರ ಬರೀತಾರೆ. ನಡುವೆ ಭತ್ತದ ಗಿಡ, ಒಂದು ಕಡೆ ಬೆಳೆ ತಿನ್ನೋ ಹುಳಗಳು, ಇನ್ನೊಂದು ಕಡೆ ಆ ಹುಳಗಳನ್ನ ತಿನ್ನೋರು. ಮೇಲೆ ಸೂರ್ಯನೋ ಮೋಡವೋ, ಕೆಳಗೆ ನೀರು. ಪ್ರತಿ ಗುಂಪಿನಿಂದ ಒಬ್ಬ ಎದ್ದು ನಿಂತು ತಮ್ಮ ಚಿತ್ರ ವಿವರಿಸಬೇಕು: ನಾವು ಕಂಡದ್ದು ಇದು, ಆದ್ದರಿಂದ ಈ ವಾರ ಇಂಥದ್ದು ಮಾಡಬೇಕು. ಮಿಕ್ಕವರು ಪ್ರಶ್ನೆ ಕೇಳ್ತಾರೆ, ಜಗಳ ಆಡ್ತಾರೆ. ಕೊನೆಗೆ ಎಲ್ಲ ಸೇರಿ ಒಂದು ತೀರ್ಮಾನ.

ಮೇಷ್ಟ್ರಿಗೆ ಒಂದು ಕಟ್ಟಪ್ಪಣೆ ಇತ್ತು. ರೈತ ಒಂದು ಹುಳ ಹಿಡಿದು ತಂದು "ಅಪಾ ಇನಿ?", ಅಂದ್ರೆ "ಇದೇನು?" ಅಂತ ಕೇಳಿದ್ರೆ ಹೆಸರು ಹೇಳೋ ಹಾಗಿಲ್ಲ. ವಾಪಸ್ ಕೇಳಬೇಕು. ಎಲ್ಲಿ ಸಿಕ್ಕಿತು? ಏನು ಮಾಡ್ತಿತ್ತು? ಒಂದೇ ಇತ್ತಾ, ಗುಂಪಿತ್ತಾ? ಏನು ತಿನ್ನುತ್ತೆ ಅಂತ ಹೇಗೆ ತಿಳ್ಕೋಬಹುದು? ಹೆಸರು ಹೇಳಿದ ಕೂಡಲೇ ರೈತ ಹೂಂ ಅಂತ ತಲೆಯಾಡಿಸಿ ಸುಮ್ಮನಾಗ್ತಾನೆ. ಹೇಳದಿದ್ರೆ ನೋಡ್ತಾನೆ.

ನೋಡೋಕೆ ಅಂತಲೇ 'ಹುಳಗಳ ಮೃಗಾಲಯ' ಇತ್ತು. ಗಾಜಿನ, ಪ್ಲಾಸ್ಟಿಕ್ಕಿನ ಡಬ್ಬಿಗೆ ಬಟ್ಟೆ ಕಟ್ಟಿ, ಒಳಗೆ ಒಂದು ಭತ್ತದ ಸಸಿ, ಎಣಿಸಿ ಬಿಟ್ಟ ಜಿಗಿಹುಳುಗಳು, ಜೊತೆಗೆ ಒಂದು ಜೇಡ. ಮಾರನೇ ದಿನ ಉಳಿದಿದ್ದು ಎಷ್ಟು ಅಂತ ಎಣಿಸಿದ್ರೆ ಮುಗೀತು, ಭಾಷಣವೇ ಬೇಕಾಗಿಲ್ಲ. ನಿನ್ನೆವರೆಗೆ ಜೇಡವನ್ನೂ ಬೆಳೆ ತಿನ್ನೋ ಹುಳ ಅಂದುಕೊಂಡಿದ್ದವನು ಅದನ್ನ ತನ್ನ ಕೂಲಿಯಾಳು ಅಂತ ನೋಡೋಕೆ ಶುರು ಮಾಡ್ತಾನೆ. ಅದೂ ಸಂಬಳ ಕೇಳದ ಆಳು!

ಇನ್ನೊಂದು ಪ್ರಯೋಗ ಇತ್ತು. ಎಳೇ ಪೈರಿನ ಗರಿಗಳಲ್ಲಿ ಕಾಲು ಭಾಗವನ್ನೋ ಅರ್ಧವನ್ನೋ ರೈತರೇ ಕತ್ತರಿಯಿಂದ ಕತ್ತರಿಸೋದು, ಎಲೆ ತಿನ್ನೋ ಹುಳ ತಿಂದ ಹಾಗೆ. ಕೆಲವು ವಾರದಲ್ಲಿ ಪೈರು ಚೇತರಿಸಿಕೊಂಡು ಬೆಳೆದು ನಿಲ್ಲುತ್ತೆ. ಕೊಯ್ಲಿನಲ್ಲಿ ತೂಕ ಹಾಕಿ ನೋಡ್ತಾರೆ. ನಾಟಿಯಾದ ಮೊದಲ ವಾರಗಳಲ್ಲಿ ಗರಿಯಲ್ಲಿ ತೂತು ಕಂಡ ತಕ್ಷಣ ಪಂಪು ಹೆಗಲಿಗೇರಿಸೋ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಇದೆಯಾ?

ಮತ್ತೊಂದು: ಪಂಪಿಗೆ ಕೆಂಪು ಬಣ್ಣದ ನೀರು ತುಂಬಿ, ಬಿಳಿ ಬಟ್ಟೆ ಹಾಕಿಸಿ ಗದ್ದೆಯಲ್ಲಿ ಸಿಂಪಡಿಸೋದು. ಆಮೇಲೆ ಬಟ್ಟೆ ನೋಡಿಕೊಳ್ಳೋದು. ತೊಡೆ, ಬೆನ್ನು, ಕೈ, ಎಲ್ಲ ಕೆಂಪು. ಇದು ಆಟ ಆಗಿರಲಿಲ್ಲ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಧ್ಯ ಜಾವಾದ ತೆಗಾಲ್, ಬ್ರೆಬೆಸ್ ಕಡೆಯ ರೈತರು 906 ಸಲ ಔಷಧಿ ಹೊಡೆದಿದ್ದನ್ನ ಗಮನಿಸಿದ್ದರು. ಅದರಲ್ಲಿ ಶೇಕಡ 21 ಸಲ, ಹೊಡೆದವನಲ್ಲಿ ವಿಷ ಏರಿದ್ದರ ಮೂರಕ್ಕಿಂತ ಕಡಿಮೆಯಿಲ್ಲದ ಲಕ್ಷಣಗಳು ಕಾಣಿಸಿದ್ದವು. ಓಬತ್ ಅನ್ನೋ ಪದ ಯಾಕೆ ಹೋಗಬೇಕಾಗಿತ್ತು ಅಂತ ಈಗ ಅರ್ಥ ಆಯ್ತಲ್ಲ?

ಬದುಕಿಗೆ ಏನು ಬಂತು?

ಹಾಗಂತ ಇಳುವರಿ ಎರಡು ಪಟ್ಟು ಆಯ್ತು ಅಂತೆಲ್ಲ ನಾನು ಹೇಳಲ್ಲ, ಆಗಲೂ ಇಲ್ಲ. ಅರ್ಧ ಹೆಕ್ಟೇರ್ ರೈತನಿಗೆ ಮೊದಲ ಲಾಭ ಅಂದ್ರೆ ಕೈಯಿಂದ ಹೋಗೋ ದುಡ್ಡು ಉಳಿಯೋದು. ಸಬ್ಸಿಡಿ ಹೋದ ಮೇಲೆ ಒಂದೊಂದು ಡಬ್ಬಿಯೂ ಸಾಲ. ಮೂರ್ನಾಲ್ಕು ಸಲ ಹೊಡೆಯೋ ಕಡೆ ಒಂದು ಸಲ, ಅಥವಾ ಹೊಡೆಯದೇ ಇದ್ದರೆ, ಅದು ಮಕ್ಕಳ ಶಾಲೆ ಫೀಸಿಗೆ ಆಯ್ತು. ಎರಡನೇದು ಬೆಳೆ ಪೂರ್ತಿ ಕೈತಪ್ಪೋ ಭಯ ಕಡಿಮೆ. ಸಣ್ಣ ರೈತನಿಗೆ ಒಂದು ಬೆಳೆ ಹೋದ್ರೆ ಎರಡು ವರ್ಷ ಏಳೋಕಾಗಲ್ಲ.

ನಂತರ ಬೇರೆ ಬೇರೆ ದೇಶಗಳ ಹೊಲದ ಶಾಲೆಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2014ರಲ್ಲಿ ಒಂದು ದೊಡ್ಡ ವಿಮರ್ಶೆ ಬಂತು. ಕಲಿತ ರೈತರ ಇಳುವರಿ ಸರಾಸರಿ ಶೇಕಡ 13ರಷ್ಟು, ನಿವ್ವಳ ಆದಾಯ ಶೇಕಡ 19ರಷ್ಟು ಹೆಚ್ಚಿತ್ತು. ಪವಾಡ ಅಲ್ಲ. ಆದರೆ ಒಂದೂಕಾಲು ಎಕರೆಯವನಿಗೆ ಅದು ಸಣ್ಣದೂ ಅಲ್ಲ.

ಮೂರನೇ ಲಾಭ ಲೆಕ್ಕಕ್ಕೆ ಸಿಗೋದಲ್ಲ. ಎದ್ದು ನಿಂತು, ಹತ್ತು ಜನರ ಎದುರು, ಅಧಿಕಾರಿಯ ಎದುರು, "ನಾನು ಎಣಿಸಿದ್ದೀನಿ, ಹೀಗಿದೆ" ಅಂತ ಹೇಳೋ ಧೈರ್ಯ. ಸುಹಾರ್ತೊ ಆಳ್ವಿಕೆಯಲ್ಲಿ ಹಳ್ಳಿಯವರು ಗುಂಪು ಕೂಡೋದನ್ನೇ ಅನುಮಾನದಿಂದ ನೋಡ್ತಿದ್ದ ಕಾಲ ಅದು ಅನ್ನೋದನ್ನ ಮರೀಬಾರದು. ಶಾಲೆ ಮುಗಿಸಿದ ರೈತರಲ್ಲಿ ಎಷ್ಟೋ ಜನ ತಾವೇ ಮೇಷ್ಟ್ರಾಗಿ ಪಕ್ಕದ ಊರಲ್ಲಿ ಶಾಲೆ ನಡೆಸಿದರು. ಇಂದ್ರಮಾಯು ಕಡೆ ಬಿಳಿ ಕಾಂಡ ಕೊರಕದ ಕಾಟ ಬಂದಾಗ ರೈತರೇ ಪ್ರಯೋಗ ಮಾಡಿ, ಸಸಿಮಡಿಯಲ್ಲೇ ಮೊಟ್ಟೆ ಗುಂಪುಗಳನ್ನ ಆರಿಸಿ ತೆಗೆಯೋದನ್ನ ಊರ ಕೆಲಸ ಮಾಡಿಕೊಂಡರು. ಸುಹಾರ್ತೊ ಇಳಿದ ಮರುವರ್ಷ, 1999ರಲ್ಲಿ, ಈ ಶಾಲೆಗಳ ಹಳೇ ವಿದ್ಯಾರ್ಥಿಗಳು ಸೇರಿ ತಮ್ಮದೇ ಒಂದು ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಆ ಹೊತ್ತಿಗೆ ಕಲಿತವರ ಸಂಖ್ಯೆ ಸುಮಾರು 10 ಲಕ್ಷ. ವಿಯೆಟ್ನಾಂ, ಫಿಲಿಪ್ಪೀನ್ಸ್, ಬಾಂಗ್ಲಾದೇಶ, ಆಮೇಲೆ ಆಫ್ರಿಕ, ಹೀಗೆ ಈ ಶಾಲೆ 90ಕ್ಕೂ ಹೆಚ್ಚು ದೇಶಗಳಿಗೆ ಹೋಯ್ತು.

ಮತ್ತೆ ಪ್ಯಾಕೇಜ್

ಇಲ್ಲಿಗೇ ಕಥೆ ನಿಲ್ಲಿಸಿದ್ದರೆ ಎಲ್ಲರಿಗೂ ಖುಷಿಯಾಗ್ತಿತ್ತು. ಆದರೆ ಇತಿಹಾಸ ಅನ್ನೋದು ಸಿನಿಮಾ ಅಲ್ವಲ್ಲ.

1993ರಿಂದ ವಿಶ್ವಬ್ಯಾಂಕ್ ಸಾಲದಲ್ಲಿ ಶಾಲೆಗಳನ್ನ ದೊಡ್ಡ ಪ್ರಮಾಣದಲ್ಲಿ ಹಬ್ಬಿಸಿದರು. 2004ರಲ್ಲಿ ಫೆಡರ್, ಮುರ್ಗಾಯಿ, ಕ್ವಿಜಾನ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಜಾವಾದ ಅವೇ ಕುಟುಂಬಗಳ 1991 ಮತ್ತು 1999ರ ಲೆಕ್ಕ ಹೋಲಿಸಿದರೆ, ಇಳುವರಿಯಲ್ಲಾಗಲೀ ಔಷಧಿ ಕಡಿಮೆ ಮಾಡೋದರಲ್ಲಾಗಲೀ ಗಣನೀಯ ವ್ಯತ್ಯಾಸ ಕಾಣಲಿಲ್ಲ ಅಂತ. ಕಲಿತವರ ನೆರೆಹೊರೆಯವರಲ್ಲೂ ಏನೂ ಬದಲಾಗಿರಲಿಲ್ಲ. ದೊಡ್ಡ ವಾದವಿವಾದವೇ ನಡೀತು. ಹಬ್ಬಿಸುವಾಗ ಗುಣಮಟ್ಟ ಹೋಯ್ತು ಅಂತ ಕೆಲವರು, ಅಳೆದ ಕೋಲೇ ಸರಿಯಿಲ್ಲ ಅಂತ ಇನ್ನು ಕೆಲವರು. 2014ರ ವಿಮರ್ಶೆಯೂ ಇದನ್ನೇ ಒಂದು ರೀತಿಯಲ್ಲಿ ಹೇಳಿತು: ಸಣ್ಣದಾಗಿ ಕಾಳಜಿಯಿಂದ ನಡೆಸಿದ ಶಾಲೆಗಳು ಫಲ ಕೊಟ್ಟವು, ಸರ್ಕಾರದ ಮಟ್ಟದಲ್ಲಿ ಹಬ್ಬಿಸಿದವು ಅಷ್ಟಾಗಿ ಕೊಡಲಿಲ್ಲ. ಕಲಿತವನಿಂದ ಪಕ್ಕದವನಿಗೆ ವಿದ್ಯೆ ಹರಿಯಲಿಲ್ಲ.

ಕೆಲವರು ಇದನ್ನ ಶಾಲೆಯ ಸೋಲು ಅಂತಾರೆ. ನನಗೆ ಹಾಗನ್ನಿಸಲ್ಲ. ಅದು ಆ ವಿದ್ಯೆಯ ಗುಣ. ಕಲಿತವನು ಬೇಲಿ ಆಚೆಯವನಿಗೆ "ಹೊಡೀಬೇಡ ಕಣಯ್ಯ" ಅಂತ ಹೇಳಬಹುದು. ಆದರೆ ಹನ್ನೆರಡು ವಾರ ಬಗ್ಗಿ ಬುಡ ಬಿಡಿಸಿ ಎಣಿಸಿದ್ದನ್ನ ಬೇಲಿ ಮೇಲೆ ದಾಟಿಸೋಕೆ ಆಗಲ್ಲ. ಈಜು ಕಲಿತವನ ಪಕ್ಕದ ಮನೆಯವನಿಗೆ ಈಜು ಬರಲ್ಲ. ಅವನೂ ಬಾವಿಗೆ ಇಳೀಬೇಕು.

ಯೋಜನೆಯ ಹಣ 1999ರಲ್ಲಿ ಮುಗೀತು. 2001ರಲ್ಲಿ ಅಧಿಕಾರ ಜಿಲ್ಲೆಗಳಿಗೆ ಹಂಚಿಹೋದಾಗ ಮೇಷ್ಟ್ರುಗಳೂ ಚದುರಿಹೋದರು. ಅಂಗಡಿಯಲ್ಲಿ ಕೀಟನಾಶಕದ ಬ್ರ್ಯಾಂಡುಗಳು ಹೆಚ್ಚುತ್ತಾ ಹೋದವು. 2008ರಲ್ಲಿ ಸರ್ಕಾರ ಇನ್ನೊಂದು ದೊಡ್ಡ 'ಹೊಲದ ಶಾಲೆ' ಯೋಜನೆ ಮಾಡಿತು. ಹೆಸರು ಶಾಲೆ, ಆದರೆ ಜೊತೆಗೆ ಬೀಜ, ಗೊಬ್ಬರದ ನೆರವು. ಬಿಮಾಸ್ ಬೇರೆ ಅಂಗಿ ಹಾಕ್ಕೊಂಡು ವಾಪಸ್ ಬಂದ ಹಾಗೆ. 2010-11ರಲ್ಲಿ ಜಾವಾದಲ್ಲಿ ಜಿಗಿಹುಳು ಮತ್ತೆ ದೊಡ್ಡ ಪ್ರಮಾಣದಲ್ಲಿ ಎದ್ದಿತು. ಒಳ್ಳೇ ಅಕ್ಕಿಗೆ ಹೆಸರಾದ ಕ್ಲಾತೆನ್ ಜಿಲ್ಲೆಯ ಗದ್ದೆಗಳೂ ಒಣಗಿದವು.

1963ರಲ್ಲಿ ಕರವಾಂಗಿನಲ್ಲಿ ಆದದ್ದೇ ಮತ್ತೆ ಆಯ್ತು. ರೈತನ ಜೊತೆ ನಿಂತು ಮಾಡಿದ ಕೆಲಸ ಗೆಲ್ಲುತ್ತೆ. ಗೆದ್ದಿದ್ದನ್ನ ನೋಡಿ ಹಬ್ಬಿಸೋಕೆ ಹೊರಡ್ತಾರೆ. ಹಬ್ಬಿಸುವಾಗ ಖರ್ಚು ಕಡಿಮೆ ಮಾಡೋಕೆ ಮೊದಲು ತೆಗೆದುಹಾಕೋದು ಯಾವುದನ್ನ? ಜೊತೆಗೆ ನಿಲ್ಲೋ ಆ ಮನುಷ್ಯನನ್ನ, ಆ ಹನ್ನೆರಡು ವಾರವನ್ನ. ಅಂದ್ರೆ ಗೆಲ್ಲಿಸಿದ್ದು ಯಾವುದೋ ಅದನ್ನೇ.

ನಮ್ಮ ಕಡೆ

ಇಷ್ಟೆಲ್ಲ ಓದುತ್ತಿದ್ದ ದಿನಗಳಲ್ಲೇ ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಗದ್ದೆಗೆ ಔಷಧಿ ಹೊಡೆಸಿ ಬಂದಿದ್ರು. ನಮ್ಮದು ಒಂದೂವರೆ ಎಕರೆ ನಾಲೆ ಗದ್ದೆ.

"ಯಾಕ್ ದೊಡ್ಡಪ್ಪ, ಹುಳ ಬಿದ್ದಿತ್ತಾ?"

"ಪಕ್ಕದ್ ಗದ್ದೆಯೋರು ಹೊಡುಸುದ್ರು ಕಣ್ ಮಗ. ಅಲ್ಲಿರೋವೆಲ್ಲ ನಮ್ ಗದ್ದೆಗೇ ಬಂದ್ಬುಟ್ರೆ?"

"ಯಾವ್ ಹುಳ?"

"ಅದ್ಯಾವ್ದೋ... ಅಂಗ್ಡಿಯೋನ್ಗೇ ಗೊತ್ತು."

ದೊಡ್ಡಪ್ಪ ದಡ್ಡರಲ್ಲ. ಮೋಡ ನೋಡಿ ಮಳೆ ಹೇಳ್ತಾರೆ, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳ್ತಾರೆ. ಆದರೆ ತಮ್ಮ ಗದ್ದೆಯ ಬುಡದಲ್ಲಿ ಯಾವ ಹುಳ ಇದೆ ಅನ್ನೋದು ಮಾತ್ರ ಅಂಗಡಿಯವನಿಗೆ ಗೊತ್ತು ಅಂತ ನಂಬಿದಾರೆ. ಹಾಗೆ ನಂಬಿಸೋಕೆ ಹಲವು ದಶಕಗಳು ಹಿಡಿದಿವೆ. ಇದು ಬರೀ ಹುಳದ ಮಾತಲ್ಲ. ಗೊತ್ತಿರೋನು ಯಾರು ಅನ್ನೋ ಮಾತು.

ನಮ್ಮಲ್ಲೂ ಪ್ರಯತ್ನ ಆಗಿಲ್ಲ ಅಂತಲ್ಲ. 1999ರಿಂದ 2004ರವರೆಗೆ ಎಫ್‌ಎಓ ಮತ್ತು ಯೂರೋಪಿಯನ್ ಒಕ್ಕೂಟ ಸೇರಿ ಏಷ್ಯಾದ ಆರು ದೇಶಗಳ ಹತ್ತಿ ಬೆಳೆಗಾರರಿಗೆ ಇಂಥ ಶಾಲೆ ನಡೆಸಿದಾಗ ಭಾರತವೂ ಅದರಲ್ಲಿತ್ತು, ಕರ್ನಾಟಕವೂ ಇತ್ತು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಊರಿನ ರೈತರನ್ನೇ 'ರೈತ ಅನುವುಗಾರರು' ಅಂತ ನೇಮಿಸಿಕೊಂಡರು. ಅನುವುಗಾರ! ಎಂಥ ಚೆಂದದ ಪದ ನೋಡಿ. ಹೇಳಿಕೊಡೋನಲ್ಲ, ಅನುವು ಮಾಡಿಕೊಡೋನು. ಜಾವಾದ ಮೇಷ್ಟ್ರು ಮಾಡ್ತಿದ್ದದ್ದು ಅದನ್ನೇ. ಪದ ನಮ್ಮ ಹತ್ರ ಇದೆ. ಆ ಪದದಷ್ಟು ತಾಳ್ಮೆ ಯೋಜನೆ ಮಾಡೋರಿಗೂ ಬೇಕು.

ತರಬೇತಿ ಅಂದ್ರೆ ಶಾಮಿಯಾನ, ಸ್ಲೈಡು, ಊಟ, ಸಹಿ, ಫೋಟೋ ಅಂತ ಆಗಿಹೋದ ಕಾಲ ಇದು. ನಮ್ಮ ಆಫೀಸುಗಳಲ್ಲೂ ಅಷ್ಟೇ ಬಿಡಿ, ಎರಡು ದಿನ ಸ್ಲೈಡ್ ನೋಡಿ ಯಾರೂ ಕೋಡ್ ಬರೆಯೋದು ಕಲಿತಿಲ್ಲ. ಪಕ್ಕದಲ್ಲಿ ಕೂತ ಸೀನಿಯರ್ ಉತ್ತರ ಹೇಳದೆ "ಲಾಗ್‌ನಲ್ಲಿ ಏನ್ ಕಾಣ್ತಿದೆ?" ಅಂತ ಕೇಳಿದಾಗಲೇ ಕಲಿತಿದ್ದು. ಅವರಿಗೂ ಅಪಾ ಇನಿ ಗೊತ್ತಿತ್ತೇನೋ :)

ನಿಮ್ಮೂರ ಕಡೆ ಇಂಥ ಹೊಲದ ಶಾಲೆ ನಡೆದಿದ್ರೆ, ನಿಮ್ಮ ಮನೆಯವರು ಯಾರಾದ್ರೂ ಅದರಲ್ಲಿ ಕೂತಿದ್ರೆ, ದಯವಿಟ್ಟು ಬರೀರಿ. ಎಷ್ಟು ಜನ ಬಂದ್ರು ಅನ್ನೋದಲ್ಲ, ಅವರೇನು ನೋಡಿದ್ರು ಅನ್ನೋದನ್ನ ಬರೀರಿ. ಮುಂದಿನ ಬೆಳೆ ಹೊತ್ತಿಗೆ ನಾನು ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ, ಒಂದು ತುಂಡು ಸೊಳ್ಳೆಪರದೆ ಬಟ್ಟೆ ತಗೊಂಡು ಊರಿಗೆ ಹೋಗೋನಿದ್ದೀನಿ. ದೊಡ್ಡಪ್ಪನ ಗದ್ದೆಯಲ್ಲಿ ಜೇಡಕ್ಕೇನೂ ಬರ ಇರಲಾರದು.